ಕೀಲಿ ಕೊಡುವವರು ಯಾರು

"ದಿನವೂ ಬೆಳಿಗ್ಗೆ ಕೀಲಿ ಕೊಡಬೇಕು ಸರ್, ಇಲ್ಲದಿದ್ದರೆ ನಿಂತುಬಿಡುತ್ತದೆ. ಇಲ್ಲಿ ಕೀಲಿ ಕೊಡುವವರು ಯಾರು?"

ಸೋಮವಾರ ಮಧ್ಯಾಹ್ನ ನನ್ನ ಮೇಜಿನ ಆಚೆ ನಿಂತವರು ಕೇಳಿದ್ದು ಇಷ್ಟೇ. ಬಿಚ್ಚಿಟ್ಟ ಕೈಗಡಿಯಾರ ನಮ್ಮಿಬ್ಬರ ನಡುವೆ ಮಲಗಿತ್ತು. ನಾನು ತಲೆಯನ್ನೂ ಎತ್ತದೆ, "ಇದು ಜೈಲು ಕಣಯ್ಯಾ. ಇಲ್ಲಿ ಕೀಲಿಯನ್ನು ಯಾರ ಕೈಗೂ ಕೊಡುವುದಿಲ್ಲ" ಎಂದೆ. ಬಾಗಿಲ ಬಳಿಯ ವಾರ್ಡರುಗಳು ನಕ್ಕರು. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಾನೂ ನಕ್ಕೆ, ಮಾತು ಚೆನ್ನಾಗಿ ಕೂತಿತ್ತು. ಎಲ್ಲರೂ ನಕ್ಕು ಮುಗಿಸುವ ಹೊತ್ತಿಗೆ ಅವರೂ ನಕ್ಕರು. ಅರೆಗಳಿಗೆ ತಡವಾಗಿ, ಇಲ್ಲಿ ಎಲ್ಲೆಲ್ಲಿ ನಗಬೇಕೆಂದು ಆಗಷ್ಟೇ ಕಲಿತುಕೊಂಡವರ ಹಾಗೆ.

ಆ ತಡವಾದ ನಗು ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ.

ನಾನು ಕಾರಾಗೃಹದ ದಾಖಲಾತಿ ಗುಮಾಸ್ತ. ಹೊಸದಾಗಿ ಬಂದವರ ಹೆಸರು, ಎತ್ತರ, ಮೈಮೇಲಿನ ಗುರುತು ಬರೆದುಕೊಳ್ಳುವುದು, ಅವರ ಬಳಿ ಇರುವುದನ್ನೆಲ್ಲ ಪಡೆದು ಪಟ್ಟಿ ಮಾಡಿ ಲಕೋಟೆಗೆ ಹಾಕಿ ಮೊಹರು ಮಾಡುವುದು ನನ್ನ ಕೆಲಸ. ಹದಿನೇಳು ವರ್ಷವಾಯಿತು. ಈ ಪಟ್ಟಿಗೆ ಅದರದೇ ಒಂದು ಭಾಷೆ ಇದೆ. ಚಿನ್ನವನ್ನು ಚಿನ್ನವೆಂದು ಬರೆಯುವಂತಿಲ್ಲ, 'ಹಳದಿ ಲೋಹದ ಉಂಗುರ' ಎನ್ನಬೇಕು. ನಾಳೆ ಅದು ಹಿತ್ತಾಳೆ ಎಂದು ಸಾಬೀತಾದರೆ ನನ್ನ ಕೊರಳಿಗೆ ಬರಬಾರದಲ್ಲ. ಮದುವೆಯ ಉಂಗುರವೋ ತಾಯಿ ಕೊಟ್ಟದ್ದೋ ನಮಗೆ ಬೇಕಿಲ್ಲ. ಬಣ್ಣ, ಲೋಹ, ಎಣಿಕೆ, ಅಷ್ಟು ಸಾಕು. ಆ ಗಡಿಯಾರವನ್ನೂ ಹಾಗೆಯೇ ಬರೆದೆ: 'ಬಿಳಿ ಲೋಹದ ಕೈಗಡಿಯಾರ, ಹಳೆಯದು, ಒಂದು.' ಚರ್ಮದ ಪಟ್ಟಿಯಲ್ಲಿ ಮೊಳೆಯಿಂದ ಕೊರೆದ ಒಂದು ಹೆಚ್ಚುವರಿ ತೂತಿತ್ತು, ಕೈ ಸೊರಗಿದ ಮೇಲೆ ಮಾಡಿಕೊಂಡದ್ದಿರಬೇಕು. ಅದನ್ನು ಬರೆಯಲು ಕಾಲಂ ಇಲ್ಲ. 'ಸ್ಥಿತಿ' ಎಂಬ ಕಾಲಂ ಇದೆ. ಅಲ್ಲಿ 'ಚಾಲನೆಯಲ್ಲಿದೆ' ಎಂದು ಬರೆದು, ಅವರಿಂದ ಸಹಿ ಹಾಕಿಸಿಕೊಂಡೆ.

ಅವರು ಅರವತ್ತು ದಾಟಿದವರು. ಬರೆಯುವಾಗ ಬಹುವಚನ ತಾನಾಗಿ ಬರುತ್ತಿದೆ. ಮೇಜಿನ ಮುಂದೆ ನಾನು ಮಾತನಾಡಿಸಿದ್ದು ಏಕವಚನದಲ್ಲಿ. ನಿನ್ನ ಹೆಸರು, ನಿನ್ನ ವಯಸ್ಸು, ಬೆಲ್ಟ್ ಬಿಚ್ಚು. ಹೊರಗಡೆ ಬಸ್ಸಿನಲ್ಲಿ ಅದೇ ವಯಸ್ಸಿನವರಿಗೆ ಎದ್ದು ಜಾಗ ಬಿಡುವ ಮನುಷ್ಯ ನಾನು. ಗೇಟು ದಾಟಿದೊಡನೆ ಕ್ರಿಯಾಪದ ಬದಲಾಗುತ್ತದೆ. ಹಾಗೆ ಮಾತನಾಡಬೇಕೆಂದು ಯಾವ ಸುತ್ತೋಲೆಯೂ ಹೇಳಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ 'ನೀವು' ಎನ್ನುತ್ತಿದ್ದೆ. ಪಕ್ಕದ ಮೇಜಿನ ಹಿರಿಯರು, ಆಗಲೂ ಇವರೇ, "ನೀವು ಗೀವು ಅಂದರೆ ರಾತ್ರಿ ನಿದ್ದೆ ಬರುವುದಿಲ್ಲ ನೋಡು" ಎಂದಿದ್ದರು. ಅವರ ಬಗ್ಗೆ ನನಗೆ ದೊಡ್ಡ ಗೌರವವೇನಿಲ್ಲ. ಆದರೆ ಆ ಮಾತು ಅನುಭವದ್ದೇ ಎಂದು ಒಪ್ಪಬೇಕು. ಒರಟುತನ ಇಲ್ಲಿ ಒಂದು ಮಳೆಯಂಗಿ. ದಿನಕ್ಕೆ ಇಪ್ಪತ್ತು ಮಂದಿ ಮೇಜಿನ ಮುಂದೆ ಬೆಲ್ಟ್ ಬಿಚ್ಚಿ ಪ್ಯಾಂಟು ಹಿಡಿದುಕೊಂಡು ನಿಲ್ಲುವಾಗ ಪ್ರತಿಯೊಬ್ಬರ ಮುಖ ನೋಡುತ್ತ ಕೂತರೆ ಯಾರಿಗೂ ತಡೆಯುವುದಿಲ್ಲ.

ನನ್ನದೂ ಕೆಲವು ಉಪಾಯಗಳಿವೆ. ಆರೋಪದ ಕಲಂ ಸಂಖ್ಯೆಯನ್ನು ಅಂಕಿಗಳಾಗಿ ನಕಲು ಮಾಡುತ್ತೇನೆ, ಅರ್ಥ ನೆನಪಿಸಿಕೊಳ್ಳುವುದಿಲ್ಲ. ಮುಖಕ್ಕಿಂತ ಕೈಗಳನ್ನು ಹೆಚ್ಚು ನೋಡುತ್ತೇನೆ. ಇದನ್ನೇ ಜಾಣತನ ಎಂದುಕೊಂಡಿದ್ದೆ. ಈ ಸಲ ಕೈ ನೋಡಿದ್ದೇ ಎಡವಟ್ಟಾಯಿತು. ಗಡಿಯಾರ ಬಿಚ್ಚಿದ ಮಣಿಕಟ್ಟಿನ ಸುತ್ತ ಬಿಸಿಲು ಕಾಣದ ಚರ್ಮದ ಒಂದು ಬಿಳಿ ಪಟ್ಟಿ ಉಳಿದಿತ್ತು.

ಅಮೆರಿಕದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1955-56ರಲ್ಲಿ ವಾಷಿಂಗ್ಟನ್ನಿನ ಒಂದು ದೊಡ್ಡ ಮನೋರೋಗ ಆಸ್ಪತ್ರೆಯೊಳಗೆ ಸುಮಾರು ಒಂದು ವರ್ಷ ಓಡಾಡಿಕೊಂಡಿದ್ದ. ಮುಖ್ಯಸ್ಥರ ಹೊರತು ಉಳಿದವರಿಗೆ ಅವನೊಬ್ಬ ಕ್ರೀಡಾ ವಿಭಾಗದ ಸಹಾಯಕ. ಜೈಲು, ಆಸ್ಪತ್ರೆ, ಸೈನಿಕರ ಬ್ಯಾರಕ್ಕು, ಮಠ, ಎಲ್ಲವೂ ಒಂದು ಬಗೆಯಲ್ಲಿ ಒಂದೇ ಎಂದು 1961ರಲ್ಲಿ ಬರೆದ. ನನ್ನ ಮೇಜಿನಲ್ಲಿ ನಡೆಯುವುದನ್ನೆಲ್ಲ, ತೂಕ, ಬೆರಳಚ್ಚು, ಫೋಟೊ, ವಸ್ತುಗಳ ಪಟ್ಟಿ, ಅವನು ಒಂದೊಂದಾಗಿ ಹೆಸರಿಸಿದ್ದಾನೆ. ಮನುಷ್ಯನನ್ನು ಸಂಸ್ಥೆಯ ಯಂತ್ರಕ್ಕೆ ಹೊಂದುವಂತೆ ಕತ್ತರಿಸುವ ಕೆಲಸ ಅದು ಎನ್ನುವುದು ಅವನ ವಾದ. ಅಲ್ಲಿಯವರೆಗೆ ಸರಿ, ನನಗೂ ಗೊತ್ತಿದ್ದದ್ದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸಿಬ್ಬಂದಿಯ ಬಗ್ಗೆ ಅವನು ಹೇಳುವ ಒಂದು ಸಂಗತಿ. ಹೊಸಬ ಸಿಬ್ಬಂದಿ ಒಳಗಿನವರ ಹತ್ತಿರ ಹೋಗುತ್ತಾನೆ, ಮರುಕಪಡುತ್ತಾನೆ, ಕೈ ಸುಟ್ಟುಕೊಳ್ಳುತ್ತಾನೆ, ಆಮೇಲೆ ಕಾಗದಪತ್ರದ ಕೆಲಸಕ್ಕೆ ಹಿಮ್ಮೆಟ್ಟುತ್ತಾನೆ. ಸ್ವಲ್ಪ ಕಾಲ ಕಳೆದ ಮೇಲೆ, ಗಾಯ ಮರೆತು, ಮತ್ತೆ ಹತ್ತಿರ ಹೋಗುತ್ತಾನಂತೆ.

ನಾನು ಹಿಮ್ಮೆಟ್ಟಿದ್ದು ಎರಡನೇ ವರ್ಷದಲ್ಲಿ. ಒಬ್ಬ ಹುಡುಗ ಇದ್ದ. ಅವನ ಜಾಮೀನಿನ ಕಾಗದಗಳಿಗಾಗಿ ಕಚೇರಿ ಸಮಯದ ಆಚೆ ಓಡಾಡಿದೆ, ಅರ್ಜಿ ಬರೆದುಕೊಟ್ಟೆ. ಬಿಡುಗಡೆಯ ದಿನ ಅವನು ಕಾಲಿಗೆ ಬಿದ್ದ. ಮೂರು ವಾರಕ್ಕೆ ಮತ್ತೆ ನನ್ನ ಮೇಜಿನ ಮುಂದೆ ನಿಂತು, "ನೀವೇನಾ ಸರ್ ಇವತ್ತೂ ಡ್ಯೂಟಿ" ಎಂದು ಹಲ್ಲುಕಿರಿದ. ಅವನು ನನಗೇನೂ ದ್ರೋಹ ಮಾಡಿರಲಿಲ್ಲ ಎಂದು ಈಗ ಅನಿಸುತ್ತದೆ. ಅಂದು ಮಾತ್ರ ಕೆನ್ನೆಗೆ ಹೊಡೆಸಿಕೊಂಡಂತಾಗಿತ್ತು. ಆಮೇಲಿನ ಹದಿನೈದು ವರ್ಷ ಕಾಗದವೇ ಗತಿ. ಮತ್ತೆ ಹತ್ತಿರ ಹೋಗುವ ಆ ಕೊನೆಯ ಮಜಲು ನನಗೆ ಬರಲೇ ಇಲ್ಲ.

ಮಳೆಯಂಗಿಯ ತೊಂದರೆಯೆಂದರೆ ಅದನ್ನು ಕಚೇರಿಯ ಗೂಟಕ್ಕೆ ತೂಗುಹಾಕಿ ಬರಲು ಆಗುವುದಿಲ್ಲ. ಕಳೆದ ವರ್ಷ ಮಗಳು ಶಾಲೆಯಲ್ಲಿ ಪೆನ್ನಿನ ಪೆಟ್ಟಿಗೆ ಕಳೆದುಕೊಂಡು ಅಳುತ್ತ ಬಂದಳು. ನಾನು ಕೇಳಿದೆ: ಯಾವ ಬಣ್ಣ, ಒಳಗೆ ಎಷ್ಟಿದ್ದವು, ಕೊನೆಯ ಸಲ ನೋಡಿದವರು ಯಾರು. ಅವಳು ಅಳು ನಿಲ್ಲಿಸಿ, ಬಿಕ್ಕುತ್ತಲೇ, "ಸಹಿ ಎಲ್ಲಿ ಹಾಕಲಿ ಅಪ್ಪಾ?" ಎಂದಳು. ಹೆಂಡತಿ ನಕ್ಕಳು. ನಾನೂ ಅದನ್ನು ಕಚೇರಿಯಲ್ಲಿ ತಮಾಷೆಯಾಗಿ ಹೇಳಿಕೊಂಡೆ. ಈ ವಾರ ಆ ತಮಾಷೆ ನೆನಪಾಗಿ ಊಟ ಸೇರಲಿಲ್ಲ.

ನಮಗೆ ಒತ್ತಡ ನಿರ್ವಹಣೆಯ ತರಬೇತಿ ನಡೆಯುವುದಿಲ್ಲವೆಂದಲ್ಲ. ವರ್ಷಕ್ಕೊಮ್ಮೆ ಯಾರೋ ಬರುತ್ತಾರೆ, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳಿ ಎನ್ನುತ್ತಾರೆ. ಹಿಂದಿನ ಸಲ ಬಂದಾತ, ಅತಿ ಇಸ್ತ್ರಿಯ ಅಂಗಿಯ ಯುವಕ, 'ಸಕಾರಾತ್ಮಕ' ಎಂಬ ಪದವನ್ನು ಎಷ್ಟು ಸಲ ಬಳಸಿದನೆಂದು ವಾರ್ಡರೊಬ್ಬ ಗೋಡೆಯ ಮೇಲೆ ಗೆರೆ ಎಳೆದು ಲೆಕ್ಕವಿಟ್ಟ. ಜೈಲಿನಲ್ಲಿ ದಿನ ಎಣಿಸುವ ಹಾಗೆ. ಅವನ ಚಿತ್ರಪಟಗಳಲ್ಲಿ ಒಂದು ಮಾತ್ರ ನನಗೆ ಉಪಯೋಗಕ್ಕೆ ಬಂತು. ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ಮನೋವಿಜ್ಞಾನಿ ಕೆಲಸದ ಬಳಲಿಕೆಗೆ ಮೂರು ಮುಖಗಳನ್ನು ಗುರುತಿಸಿದ್ದಾರೆ. ಒಂದು, ದಣಿವು. ಎರಡು, ಎದುರಿಗಿರುವವರನ್ನು ಮನುಷ್ಯರೆಂದು ಕಾಣದಷ್ಟು ದೂರ ಸರಿಯುವುದು. ಮೂರು, ತನ್ನ ಕೈಯಲ್ಲಿ ಏನೂ ಆಗದೆನ್ನುವ ಭಾವ. ಈ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ವರ್ಗೀಕರಣದೊಳಗೆ ವಿವರಿಸಿತು; ಕಾಯಿಲೆ ಎನ್ನಲಿಲ್ಲ, ಉದ್ಯೋಗಕ್ಕೆ ಮಾತ್ರ ಸಂಬಂಧಿಸಿದ ವಿದ್ಯಮಾನ ಎಂದಿತು. ನಾನು ಕವಚವೆಂದು ಹದಿನೈದು ವರ್ಷ ತೊಟ್ಟುಕೊಂಡದ್ದು ಅವರ ಪಟ್ಟಿಯಲ್ಲಿ ಗಾಯದ ಕಡೆ ಇತ್ತು. ಇನ್ನೊಂದು ವಿಚಿತ್ರವನ್ನೂ ಗಮನಿಸಿದೆ. ಉದ್ಯೋಗದಲ್ಲಿರುವ ನಮ್ಮ ಬಳಲಿಕೆಗೆ ಹೆಸರಿದೆ. ಗೋಡೆಯ ಆ ಕಡೆ ಇಪ್ಪತ್ತನಾಲ್ಕು ಗಂಟೆ ಇರುವವರು ಇಲ್ಲಿ ಉದ್ಯೋಗಿಗಳಲ್ಲವಲ್ಲ, ಆ ಹೆಸರು ಅವರಿಗೆ ಸಲ್ಲುವುದಿಲ್ಲ.

ಮತ್ತೆ ಗಡಿಯಾರಕ್ಕೆ ಬರುತ್ತೇನೆ. ಕೈಯಿಂದ ಕೀಲಿ ಕೊಡುವ ಗಡಿಯಾರ ಒಮ್ಮೆ ತಿರುಗಿಸಿದರೆ ಒಂದೂವರೆ ದಿನ, ಹೆಚ್ಚೆಂದರೆ ಎರಡು ದಿನ ಓಡುತ್ತದೆ. ಸೋಮವಾರ ಬೆಳಿಗ್ಗೆ ಅವರು ಕೊಟ್ಟಿದ್ದರೆ ಮಂಗಳವಾರ ರಾತ್ರಿಯಿಂದ ಬುಧವಾರ ಬೆಳಗಿನೊಳಗೆ ಎಲ್ಲೋ ನಿಂತಿರಬೇಕು. ಮಂಗಳವಾರ ರಾತ್ರಿ ಹಾಸಿಗೆಯಲ್ಲಿ ಮಲಗಿ ನಾನು ಈ ಲೆಕ್ಕ ಹಾಕುತ್ತಿದ್ದೆ. ನಾಚಿಕೆಗೇಡು, ಆದರೆ ಹಾಕುತ್ತಿದ್ದೆ. ಕೈದಿಗಳ ಕುರಿತ ವಿಶ್ವಸಂಸ್ಥೆಯ ಕನಿಷ್ಠ ನಿಯಮಗಳನ್ನು, 1955ರವು, 2015ರಲ್ಲಿ ಪರಿಷ್ಕರಿಸಿ ನೆಲ್ಸನ್ ಮಂಡೇಲಾ ಹೆಸರಿಟ್ಟವು, ನಾವೆಲ್ಲ ತರಬೇತಿಯಲ್ಲಿ ಓದಿದ್ದೇವೆ. ಒಟ್ಟು 122. ಅರವತ್ತೇಳನೆಯದು ನನ್ನ ಮೇಜಿಗೆ ಸಂಬಂಧಿಸಿದ್ದು: ವಸ್ತುಗಳನ್ನು ಭದ್ರವಾಗಿಡಬೇಕು, ಪಟ್ಟಿಗೆ ಬಂದಿಯ ಸಹಿ ಪಡೆಯಬೇಕು, ಅವು ಸುಸ್ಥಿತಿಯಲ್ಲಿ ಇರುವಂತೆ ಕ್ರಮ ಕೈಗೊಳ್ಳಬೇಕು. ಗಡಿಯಾರಕ್ಕೆ ಸುಸ್ಥಿತಿ ಎಂದರೆ ಓಡುವುದೋ, ತುಕ್ಕು ಹಿಡಿಯದೆ ಇರುವುದೋ? ಹಿರಿಯರನ್ನು ಕೇಳಿದರೆ ಮತ್ತೊಂದು ವಾರಕ್ಕಾಗುವಷ್ಟು ನಗುತ್ತಿದ್ದರು. ಅಧೀಕ್ಷಕರನ್ನು ಕೇಳಿದರೆ ಲಿಖಿತವಾಗಿ ಕೊಡಿ ಎನ್ನುತ್ತಿದ್ದರು. ಮೊಹರು ಒಡೆದು ನಾನೇ ಕೀಲಿ ಕೊಟ್ಟರೆ ಮರುದಿನ ನನ್ನ ವಿರುದ್ಧವೇ ನೋಟಿಸು ಬರುತ್ತದೆ.

ಬುಧವಾರ ಉಗ್ರಾಣಕ್ಕೆ ಹೋಗಿದ್ದಾಗ ಆ ಲಕೋಟೆಯನ್ನು ಕಿವಿಗೆ ಹಿಡಿದೆ. ಸದ್ದಿಲ್ಲ. ನನ್ನ ಕೈಬರಹದಲ್ಲಿ 'ಚಾಲನೆಯಲ್ಲಿದೆ' ಎಂದಿತ್ತು.

ಗುರುವಾರ, ಕಚೇರಿ ಗುಡಿಸುವ ಸಜಾಬಂದಿ ನನ್ನ ಮೇಜಿನ ಕೆಳಗೆ ಪೊರಕೆ ಆಡಿಸುತ್ತ, "ನಿಂತಿತೇ ಸರ್?" ಎಂದು ಕೇಳಿದ. ಏನು ಎಂದೆ. "ಆ ಯಜಮಾನರ ಗಡಿಯಾರ" ಎಂದ. ಜೈಲಿನಲ್ಲಿ ಸುದ್ದಿಗೆ ಗೇಟಿಲ್ಲ. ಹನ್ನೆರಡು ವರ್ಷದಿಂದ ಒಳಗಿರುವ ಈತ ಎಲ್ಲರನ್ನೂ, ನಿನ್ನೆ ಬಂದ ಹುಡುಗನನ್ನೂ, 'ತಾವು' ಎಂದೇ ಕರೆಯುತ್ತಾನೆ. ಅದು ಕುಹಕವೋ ಎಂದು ಮೊದಮೊದಲು ಅನುಮಾನಿಸಿದ್ದೆ. ನಿಂತಿದೆ ಎಂದೆ. ಅವನು ಪೊರಕೆಯನ್ನು ಗೋಡೆಗೆ ಒರಗಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ಎಡಗೈ ಚಾಚಿದ. ಬಲಗೈಯ ಹೆಬ್ಬೆರಳು ತೋರುಬೆರಳುಗಳಿಂದ ಮಣಿಕಟ್ಟಿನ ಪಕ್ಕದ ಗಾಳಿಯನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ತೋರಿಸಿದ. "ಎದ್ದ ಕೂಡಲೇ ಹೀಗೆ. ದಿನವೂ. ಮೊದಲ ದಿನ ಹುಡುಗರು ಆಡಿಕೊಂಡರು. ಈಗ ಯಾರೂ ಏನೂ ಅನ್ನುವುದಿಲ್ಲ."

ಅವನ ಮುಂದೆ ನಾನು ಏನೂ ಹೇಳಲಿಲ್ಲ. ಒಂದು ಲಕೋಟೆಯನ್ನು ಎರಡು ಸಲ ಅಂಟಿಸಿದೆ.

ಅವರು ಸೋತುಹೋಗುತ್ತಾರೆ ಎಂದು ನಾನು ಸೋಮವಾರವೇ ತೀರ್ಮಾನಿಸಿಬಿಟ್ಟಿದ್ದೆ. ಆ ವಯಸ್ಸಿನವರಲ್ಲಿ ಹೆಚ್ಚಿನವರು ಹದಿನೈದು ದಿನಕ್ಕೆ ಕುಗ್ಗಿಹೋಗುತ್ತಾರೆ, ಕಂಡಿದ್ದೇನೆ. ಇದು ಕುಗ್ಗುವುದರ ಮೊದಲ ಲಕ್ಷಣವೋ ಕುಗ್ಗದಿರುವ ಉಪಾಯವೋ, ವೈದ್ಯರನ್ನು ಕೇಳಿದರೆ ಎರಡೂ ಇರಬಹುದು ಎಂದಾರು. ನನಗೆ ಎರಡನೆಯದೆಂದೇ ಅನಿಸುತ್ತದೆ. ಗಡಿಯಾರ ನನ್ನ ಉಗ್ರಾಣದಲ್ಲಿದೆ, ಪಟ್ಟಿಯಲ್ಲಿದೆ, ಸಹಿಯೂ ಇದೆ. ಅದಕ್ಕೆ ದಿನವೂ ಕೀಲಿ ಕೊಡಬೇಕಾದವನು ತಾನು ಎಂಬುದನ್ನು ಮಾತ್ರ ಅವರು ಮೇಜಿನ ಮೇಲೆ ಇಟ್ಟುಹೋಗಿರಲಿಲ್ಲ. ಅದಕ್ಕೂ ಕಾಲಂ ಇದ್ದಿದ್ದರೆ ನಾನು ಕೇಳಿ ಪಡೆಯುತ್ತಿದ್ದೆನೇನೋ.

ಶುಕ್ರವಾರ ನ್ಯಾಯಾಲಯಕ್ಕೆ ಹೋಗುವವರ ಸಾಲು ನನ್ನ ಕಿಟಕಿಯ ಮುಂದೆ ನಿಂತಿತ್ತು. ಅವರು ಐದನೆಯವರು. ಕಿಟಕಿಯ ಹತ್ತಿರ ಬಂದಾಗ ಗಡಿಯಾರದ ಮಾತು ಎತ್ತಬಹುದೆಂದು ಕಾದೆ. ಎತ್ತಲಿಲ್ಲ.

"ಗಂಟೆ ಎಷ್ಟಾಯಿತು ಸರ್?"

'ನಿನಗೇನು ರೈಲು ಹಿಡಿಯುವುದಿದೆಯೇ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಚೆನ್ನಾಗಿ ಕೂರುವಂತಹದ್ದೇ. ಹಿರಿಯರು ತಲೆ ಎತ್ತಿ ಕಾಯುತ್ತಲೂ ಇದ್ದರು. ನಾನು ಹಿಂತಿರುಗಿ ಗೋಡೆ ಗಡಿಯಾರ ನೋಡಿದೆ.

"ಹತ್ತು ಗಂಟೆ ಇಪ್ಪತ್ತೆರಡು ನಿಮಿಷ."

ಏಕವಚನವೋ ಬಹುವಚನವೋ ಎಂದು ತೀರ್ಮಾನಿಸುವ ಅಗತ್ಯ ಬೀಳದ ಉತ್ತರ. ಅವರು ತಲೆಯಾಡಿಸಿದರು. ಎರಡು ಬೆರಳುಗಳಿಂದ ಮಣಿಕಟ್ಟಿನ ಪಕ್ಕದಲ್ಲಿ ಏನನ್ನೋ ಸ್ವಲ್ಪ ಹೊರಕ್ಕೆ ಎಳೆದು, ನಿಧಾನವಾಗಿ ತಿರುಗಿಸಿ, ಮತ್ತೆ ಒಳಕ್ಕೆ ಒತ್ತಿ, ಸಾಲಿನ ಜೊತೆ ಮುಂದೆ ಹೋದರು.