ಫ್ಯಾನು ಕೊಟ್ಟವರಿದ್ದಾರೆ, ಸಂಜೆ ಕೊಡುವವರು ಬೇಕು

ನಮ್ಮ ಭಾಗದ ಯಾವ ಸರ್ಕಾರಿ ಪ್ರಾಥಮಿಕ ಶಾಲೆಯೊಳಗೆ ಕಾಲಿಟ್ಟರೂ ಕಪ್ಪುಹಲಗೆಗಿಂತ ಮೊದಲು ಓದಲು ಸಿಗುವುದು ದಾನಿಗಳ ಹೆಸರುಗಳು. ಫ್ಯಾನಿನ ಮೇಲೆ ಒಬ್ಬರ ತಂದೆಯ ಸ್ಮರಣೆ, ಕಪಾಟಿನ ಬಾಗಿಲ ಮೇಲೆ ಇನ್ನೊಬ್ಬರ ತಾಯಿಯ ಸ್ಮರಣೆ, ನೀರಿನ ಟ್ಯಾಂಕಿನ ಮೇಲೆ ಹಳೆಯ ವಿದ್ಯಾರ್ಥಿಗಳ ಬಳಗದ ಹೆಸರು, ಹೊಸದಾಗಿ ಬಂದ ಸ್ಮಾರ್ಟ್ ಟಿವಿಯ ಕೆಳಗೆ ಒಂದು ಕಂಪನಿಯ ಫಲಕ. ಈ ಔದಾರ್ಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಎಷ್ಟೋ ಶಾಲೆಗಳು ನಿಂತಿರುವ ಜಾಗವೇ ಊರಿನ ಯಾರೋ ಒಬ್ಬ ರೈತ ಬಿಟ್ಟುಕೊಟ್ಟದ್ದು. ಆದರೆ ಶುದ್ಧ ನೀರಿನ ಯಂತ್ರ ಕೊಡುವವರು ಸಿಕ್ಕಷ್ಟು ಸುಲಭವಾಗಿ ಅದರ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುವವರು ಸಿಗುವುದಿಲ್ಲ. ಉದ್ಘಾಟನೆಗೆ ರಿಬ್ಬನ್ ಉಂಟು, ದುರಸ್ತಿಗೆ ಇಲ್ಲ.

ಶಾಲೆಯೊಂದಿಗೆ ಸಮುದಾಯ ಕೈಜೋಡಿಸಬೇಕು ಎಂದು ಎಲ್ಲ ಸಮಾರಂಭಗಳಲ್ಲಿಯೂ ಹೇಳುತ್ತೇವೆ. ಹಾಗೆ ಹೇಳುವಾಗ ನಮ್ಮ ಕಣ್ಣ ಮುಂದಿರುವುದು ವಸ್ತುಗಳು. ಧಾರವಾಡದಲ್ಲಿ ನೆಲೆಸಿ, ಸುತ್ತಲಿನ ಕೆಲವು ಕನ್ನಡ ಶಾಲೆಗಳ ಸಭೆ, ಕಾರ್ಯಕ್ರಮಗಳಿಗೆ ಹೋಗಿಬಂದು ಮಾಡುವ ನನಗೆ ಅನ್ನಿಸಿರುವುದು ಬೇರೆ. ಮಕ್ಕಳಿಗೂ ಅವರ ಮನೆಯವರಿಗೂ ಕೊರತೆಯಾಗಿರುವುದು ಒಂದು ಸಲ ಕೊಟ್ಟು ಮುಗಿಸುವ ವಸ್ತುವಲ್ಲ. ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ತಪ್ಪದೆ ಬರುವ ಒಬ್ಬ ಮನುಷ್ಯನ ಸಮಯ.

ಇದು ನಮ್ಮ ಊರಿಗೆ ಹೊಸ ವಿಚಾರವಲ್ಲ. ಹಳ್ಳಿಗಳಿಂದ ಧಾರವಾಡಕ್ಕೆ ಓದಲು ಬಂದ ಬಡ ಹುಡುಗರು ವಾರಾನ್ನ ಮಾಡಿಕೊಂಡು ಶಿಕ್ಷಣ ಮುಗಿಸಿದ ಕತೆಗಳು ಇಲ್ಲಿನ ಹಿರಿಯರ ಬಾಯಲ್ಲಿ ಇನ್ನೂ ಇವೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಆ ಮನೆಗಳೆಲ್ಲ ಶ್ರೀಮಂತರವಾಗಿರಲಿಲ್ಲ. ತಮ್ಮ ಪಾಲಿನ ದಿನ ಒಂದು ಎಲೆ ಹೆಚ್ಚು ಹಾಕುವಷ್ಟು ಅನುಕೂಲ ಇದ್ದರೆ ಸಾಕಾಗುತ್ತಿತ್ತು. ಆ ಪದ್ಧತಿ ಬಹುಮಟ್ಟಿಗೆ ಜಾತಿಯ ಗೆರೆಯೊಳಗೇ ನಡೆಯಿತು ಎಂಬುದನ್ನು ಮರೆತು ಅದನ್ನು ಹೊಗಳುವುದು ಸರಿಯಲ್ಲ. ಆ ಗೆರೆಯ ಹೊರಗಿದ್ದ ಸಾವಿರಾರು ಮಕ್ಕಳಿಗೆ ಆಸರೆಯಾದದ್ದು ಧಾರವಾಡದ ಮುರುಘಾಮಠದಂಥ ಮಠಗಳ ಉಚಿತ ಪ್ರಸಾದ ನಿಲಯಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಅಂಧ ಮತ್ತು ಅನಾಥ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಮೂರನ್ನೂ ಕೊಟ್ಟರು. ಆಶ್ರಮದ ನಾಟಕ ಕಂಪನಿಯ ಗಳಿಕೆ ಮತ್ತು ಭಕ್ತರ ಕಾಣಿಕೆಗಳು ಅದಕ್ಕೆ ಒದಗಿದವು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದವರಿಗೂ, 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಆರಂಭಿಸಿದ ಸಿದ್ದನಗೌಡ ಪಾಟೀಲರಿಗೂ, ಊರಿನವರು ಸಣ್ಣ ಸಣ್ಣ ಪಾಲು ಹಾಕಿ ದೊಡ್ಡದನ್ನು ನಡೆಸಬಹುದು ಎಂಬ ನಂಬಿಕೆ ಇತ್ತು. ವಾರಾನ್ನದಿಂದ ಇಂದು ನಾವು ತೆಗೆದುಕೊಳ್ಳಬಹುದಾದ ಅಂಶ ಒಂದೇ: ಪ್ರತಿ ಮನೆಗೂ ತನ್ನದೆಂಬ ಒಂದು ದಿನ ಗೊತ್ತಾಗಿತ್ತು, ಆ ದಿನ ಹುಡುಗ ಬಾಗಿಲಿಗೆ ಬಂದೇ ಬರುತ್ತಾನೆ ಎಂಬುದೂ ಗೊತ್ತಿತ್ತು.

ಕಾನೂನಿನಲ್ಲಿ ಪೋಷಕರಿಗೆ ಜಾಗ ಇಲ್ಲವೆಂದಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ನಂತರ 2001ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಲ್ಲರೂ ಕರೆಯುವ ಎಸ್‌ಡಿಎಂಸಿಗಳು ಬಂದವು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮು ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. 22ನೆಯ ಕಲಮು ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವ ಹೊಣೆಯನ್ನು ಆ ಸಮಿತಿಗೇ ಕೊಡುತ್ತದೆ. ಇಷ್ಟಿದ್ದೂ ಸಭೆ ಕರೆಯುವುದು ಸಾಮಾನ್ಯವಾಗಿ ಕೆಲಸದ ದಿನದ ಬೆಳಿಗ್ಗೆ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಕೂಲಿಗೆ ಹೋಗುವ ತಾಯಿ ಹೊಲದಲ್ಲಿರುತ್ತಾಳೆ. "ಮೀಟಿಂಗಿಗೆ ಬಂದ್ರ ಅವತ್ತಿನ ಪಗಾರ ಹೋಗತೈತ್ರಿ ಸರ, ನೀವಽ ಹೇಳ್ರಿ ಏನ ಮಾಡೋದು" ಎಂದು ಕುಂದಗೋಳ ಕಡೆಯ ಒಬ್ಬ ಸದಸ್ಯೆ ಕೇಳಿದಾಗ ಅಲ್ಲಿದ್ದ ಯಾರಲ್ಲಿಯೂ ಉತ್ತರವಿರಲಿಲ್ಲ. ಉತ್ತರ ಅಷ್ಟೇನೂ ಕಠಿಣವಲ್ಲ. ಅಮಾವಾಸ್ಯೆಯಂದು ನಮ್ಮ ಹಳ್ಳಿಗಳಲ್ಲಿ ಹೊಲದ ಕೆಲಸ ಬಹುತೇಕ ನಿಲ್ಲುತ್ತದೆ, ಸೋಮವಾರ ಎತ್ತು ಹೂಡುವುದಿಲ್ಲ. ಕೃಷಿಯ ಈ ಪಂಚಾಂಗವನ್ನು ನೋಡಿ ಸಂಜೆ ದೀಪ ಹಚ್ಚಿದ ಮೇಲೆ ಸಭೆ ಕರೆದರೆ ತಾಯಂದಿರು ಬರುತ್ತಾರೆ. ಬಂದವರು ಮಾತನಾಡುತ್ತಾರೆ ಕೂಡ, ಏಕೆಂದರೆ ಆ ಹೊತ್ತಿಗೆ ಗಡಿಯಾರ ನೋಡುವ ಅಧಿಕಾರಿಗಳು ಇರುವುದಿಲ್ಲ.

ಮಕ್ಕಳ ಹಾಜರಿಯೂ ಇದೇ ಪಂಚಾಂಗದ ಮೇಲೆ ನಿಂತಿದೆ. ಗದಗ, ನವಲಗುಂದ, ಕುಂದಗೋಳ ಭಾಗಗಳಲ್ಲಿ ಆಗಸ್ಟ್ ಬಂತೆಂದರೆ ಹೆಸರುಕಾಯಿ ಬಿಡಿಸುವ ಕೆಲಸ. ಮಳೆ ಬೀಳುವುದರೊಳಗೆ ಕಾಯಿ ಮನೆ ಸೇರದಿದ್ದರೆ ಬೆಳೆ ಹಾಳಾಗುತ್ತದೆ. ಮುಂದೆ ಉಳ್ಳಾಗಡ್ಡಿ, ಅದರ ಬೆನ್ನಿಗೆ ಹತ್ತಿ, ಜನವರಿ, ಫೆಬ್ರವರಿಯಲ್ಲಿ ಮೆಣಸಿನಕಾಯಿ. ಬ್ಯಾಡಗಿಯ ಕಡೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಅನೇಕ ಹೆಣ್ಣುಮಕ್ಕಳ ಸಂಪಾದನೆಯ ದಾರಿ. ಈ ದಿನಗಳಲ್ಲಿ ತರಗತಿಯಿಂದ ಮೊದಲು ಕಾಣೆಯಾಗುವವಳು ಐದನೆಯ ಅಥವಾ ಆರನೆಯ ತರಗತಿಯ ಹುಡುಗಿ. ಎಲ್ಲರೂ ಅಂದುಕೊಳ್ಳುವಂತೆ ಅವಳು ಯಾವಾಗಲೂ ಹೊಲಕ್ಕೇ ಹೋಗಿರುವುದಿಲ್ಲ. ತಾಯಿ ಹೊಲಕ್ಕೆ ಹೋದದ್ದರಿಂದ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಮನೆಯಲ್ಲಿ ಉಳಿದಿರುತ್ತಾಳೆ. ಹೀಗಿರುವಾಗ ಆ ಹುಡುಗಿಯ ಮನೆಗೆ ಹೋಗಿ ಶಿಕ್ಷಣದ ಮಹತ್ವ ಕುರಿತು ಭಾಷಣ ಮಾಡುವುದು ತಾಯಿಗೆ ಅವಮಾನವಲ್ಲದೆ ಮತ್ತೇನಲ್ಲ. ಅವಳಿಗೆ ಬೇಕಾದದ್ದು ಕೂಸನ್ನು ನೋಡಿಕೊಳ್ಳುವ ಒಂದು ಜಾಗ. 2023ರಲ್ಲಿ ಸರ್ಕಾರ ಘೋಷಿಸಿದ ಕೂಸಿನ ಮನೆ ಯೋಜನೆ ಗ್ರಾಮ ಪಂಚಾಯಿತಿಗಳ ಮೂಲಕ ದುಡಿಯುವ ತಾಯಂದಿರ ಪುಟ್ಟ ಮಕ್ಕಳಿಗಾಗಿಯೇ ಇರುವಂಥದು. ಕೂಸಿನ ಮನೆ ಇರುವ ಪಂಚಾಯಿತಿಗಳಲ್ಲಿ ಅದು ಸುಗ್ಗಿಯ ವಾರಗಳಲ್ಲಿ ಬೆಳಿಗ್ಗೆ ಬೇಗ ತೆರೆಯುವಂತೆ ಮಾಡಿದರೆ ಅಕ್ಕ ಶಾಲೆಗೆ ಬರುತ್ತಾಳೆ. ಶಾಲೆಯ ಹಾಜರಿ ಪುಸ್ತಕಕ್ಕೂ ಪಂಚಾಯಿತಿಯ ಕೂಸಿನ ಮನೆಗೂ ಇರುವ ಈ ನಂಟನ್ನು ಎರಡು ಇಲಾಖೆಗಳು ಕುಳಿತು ಮಾತನಾಡಿದ್ದನ್ನು ನಾನು ನೋಡಿಲ್ಲ. ಸಮಿತಿಯ ಸಭೆಯಲ್ಲಿ ತಾಯಂದಿರು ಇದ್ದಿದ್ದರೆ ಮೊದಲ ದಿನವೇ ಅವರು ಇದನ್ನು ಹೇಳುತ್ತಿದ್ದರು.

ಮುಂಡರಗಿ, ಶಿರಹಟ್ಟಿ, ಗಜೇಂದ್ರಗಡ ಕಡೆಯ ಲಂಬಾಣಿ ತಾಂಡಾಗಳ ಸಮಸ್ಯೆ ಇನ್ನೂ ಬಿಗಿಯಾದದ್ದು. ಹಿಂಗಾರು ಕೈಕೊಟ್ಟ ವರ್ಷ ದೀಪಾವಳಿ ಮುಗಿಯುತ್ತಲೇ ಕುಟುಂಬಗಳು ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗುತ್ತವೆ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗುವುದೋ, ಕರೆದುಕೊಂಡು ಹೋಗುವುದೋ ಎಂಬುದು ಹೊರಡುವ ಮೊದಲೇ ತೀರ್ಮಾನವಾಗಿರುತ್ತದೆ. ಮುಂಗಡ ಹಣ ಕೊಟ್ಟ ಮೇಸ್ತ್ರಿಗೆ, ತಾಂಡಾದ ನಾಯಕನಿಗೆ ಮತ್ತು ಕಾರಭಾರಿಗೆ ಅದು ಗೊತ್ತಿರುತ್ತದೆ; ಶಾಲೆಗೆ ಗೊತ್ತಾಗುವುದು ಬೆಂಚು ಖಾಲಿಯಾದ ಮೇಲೆ. ಗುಳೆ ಹೋಗುವವರ ಮಕ್ಕಳಿಗಾಗಿ ಋತುಮಾನ ವಸತಿ ಕೇಂದ್ರ ನಡೆಸುವ ಅವಕಾಶ ಸರ್ಕಾರಿ ಯೋಜನೆಗಳಲ್ಲಿ ಇದೆ. ಅದನ್ನು ಕೇಳಿ ಪಡೆಯಲು ಹೆಸರುಗಳ ಪಟ್ಟಿ ದಸರೆಯ ಹೊತ್ತಿಗೇ ಸಿದ್ಧವಿರಬೇಕು. ಆ ಪಟ್ಟಿಯನ್ನು ಮಾಸ್ತರರು ಒಬ್ಬರೇ ಮಾಡಲಾರರು, ನಾಯಕ ಪಕ್ಕದಲ್ಲಿ ಕುಳಿತರೆ ಒಂದು ಸಂಜೆಯಲ್ಲಿ ಆಗುತ್ತದೆ.

ಇನ್ನು ಕಾಗದಪತ್ರ. ಬಡ ಕುಟುಂಬಕ್ಕೆ ಶಾಲೆಯಿಂದ ಸಿಗಬಹುದಾದ ನೇರ ಹಣವೆಂದರೆ ವಿದ್ಯಾರ್ಥಿವೇತನ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿಯ ಸಹಾಯಧನ, ಪರಿಶಿಷ್ಟರು, ಹಿಂದುಳಿದ ವರ್ಗಗಳು ಹಾಗೂ ಅಲ್ಪಸಂಖ್ಯಾತರಿಗಿರುವ ವೇತನಗಳು. ಇವುಗಳಲ್ಲಿ ಯಾವುದೇ ಬರಬೇಕಾದರೂ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಅದಕ್ಕೆ ಜೋಡಣೆಯಾದ ಬ್ಯಾಂಕ್ ಖಾತೆ ಹೀಗೆ ಒಂದಲ್ಲ ಒಂದು ಕಾಗದ ಬೇಕು, ಮತ್ತು ಅವೆಲ್ಲದರಲ್ಲಿ ಹೆಸರು ಒಂದೇ ರೀತಿ ಇರಬೇಕು. ಶಾಲೆಯ ದಾಖಲೆಯಲ್ಲಿ ಮನೆತನದ ಹೆಸರು ಸೇರಿ, ಆಧಾರ್‌ನಲ್ಲಿ ಬರೀ ಇನಿಷಿಯಲ್ ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ತಿದ್ದುಪಡಿಗೆಂದು ನಾಡಕಚೇರಿ, ಬ್ಯಾಂಕು, ಆಧಾರ್ ಕೇಂದ್ರ ಎಂದು ತಿರುಗುವುದರಲ್ಲಿ ತಂದೆಗೆ ಹಲವು ದಿನಗಳ ಕೂಲಿ ಹೋಗುತ್ತದೆ, ಕೊನೆಗೆ ವೇತನದ ಆಸೆಯೇ ಬೇಡವೆನ್ನುತ್ತಾನೆ. ಬ್ಯಾಂಕಿನಿಂದ, ಕಂದಾಯ ಇಲಾಖೆಯಿಂದ, ಅಂಚೆ ಕಚೇರಿಯಿಂದ ನಿವೃತ್ತರಾದವರು ಧಾರವಾಡದಲ್ಲೂ ಹುಬ್ಬಳ್ಳಿಯಲ್ಲೂ ಓಣಿಗೆ ಒಬ್ಬರಾದರೂ ಇದ್ದಾರೆ. ಇವರು ಜೂನ್, ಜುಲೈ ತಿಂಗಳಲ್ಲಿ ವಾರಕ್ಕೊಂದು ಮಧ್ಯಾಹ್ನ ಶಾಲೆಯ ಕಟ್ಟೆಯ ಮೇಲೆ ಕುಳಿತು ಕಾಗದಗಳನ್ನು ಹೊಂದಿಸಿಕೊಟ್ಟರೆ ಆಗುವ ಉಪಕಾರ, ನನ್ನ ಅಭಿಪ್ರಾಯದಲ್ಲಿ, ಒಂದು ಕೋಣೆ ತುಂಬ ಡೆಸ್ಕು ಕೊಟ್ಟದ್ದಕ್ಕಿಂತ ದೊಡ್ಡದು.

ಸಂಜೆಯ ಓದಿನ ವಿಷಯಕ್ಕೆ ಬಂದರೆ, ಜಾಗದ ಕೊರತೆ ಇಲ್ಲ ಎಂಬುದನ್ನು 2020ರ ವಿದ್ಯಾಗಮ ಕಾರ್ಯಕ್ರಮ ತೋರಿಸಿತು. ಕೊರೋನಾದಿಂದ ಶಾಲೆ ಮುಚ್ಚಿದ್ದ ಆ ಆಗಸ್ಟಿನಲ್ಲಿ ಗುಡಿಯ ಪೌಳಿ, ಮಠದ ಅಂಗಳ, ಸಮುದಾಯ ಭವನ, ಮರದ ಕಟ್ಟೆಗಳಲ್ಲಿ ಪಾಠ ನಡೆಯಿತು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಅದೇ ವರ್ಷದ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಜಾಗ ಇದೆ, ಪುಸ್ತಕ ಇದೆ. ಪಕ್ಕದಲ್ಲಿ ಕುಳಿತು ಭಾಗಾಕಾರ ಹೇಳಿಕೊಡುವವರು ಬೇಕು. ಧಾರವಾಡದ ಸಪ್ತಾಪುರಕ್ಕೆ ಹೋಗಿ ನೋಡಿ: ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಪರೀಕ್ಷೆಗೆ ತಯಾರಾಗುವ ಯುವಕ ಯುವತಿಯರು ರಾಜ್ಯದ ಎಲ್ಲ ಮೂಲೆಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿದ್ದಾರೆ, ಶೇಕಡಾವಾರು, ಅನುಪಾತಗಳ ಲೆಕ್ಕಗಳನ್ನು ದಿನವೂ ಬಿಡಿಸುತ್ತಿದ್ದಾರೆ. ಇವರಲ್ಲಿ ಹೆಚ್ಚಿನವರು ಸರ್ಕಾರಿ ಶಾಲೆಯಲ್ಲಿ ಓದಿದವರೇ. ವಾರಕ್ಕೊಂದು ಸಂಜೆ, ಒಂದು ಗಂಟೆ, ಹತ್ತಿರದ ಬಡಾವಣೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟರೆ ಅವರ ಓದಿಗೂ ನಷ್ಟವಿಲ್ಲ. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೂ ಈ ಮಾತು ಸಲ್ಲುತ್ತದೆ. ಒಂದು ಎಚ್ಚರ ಮಾತ್ರ ಅಗತ್ಯ: ಹೊರಗಿನವರು ಮಕ್ಕಳೊಂದಿಗೆ ಒಬ್ಬರೇ ಇರಬಾರದು, ಶಾಲೆಯ ಅಕ್ಕೋರು ಅಥವಾ ಒಬ್ಬ ತಾಯಿ ಅಲ್ಲಿರಬೇಕು, ಬರುವವರ ಹೆಸರು, ಗುರುತಿನ ಚೀಟಿ ಸಮಿತಿಯ ಬಳಿ ಇರಬೇಕು. ಸದುದ್ದೇಶದ ಹೆಸರಿನಲ್ಲಿ ಇದನ್ನು ಸಡಿಲಿಸಬಾರದು.

ದಿನನಿತ್ಯದ ಕೊಡುಗೆ ಎಷ್ಟು ಬಲವಾದದ್ದು ಎಂಬುದಕ್ಕೆ ಊಟದ ಉದಾಹರಣೆ ಸಾಕು. 2002ರಲ್ಲಿ ಮೊದಲಾದ ಅಕ್ಷರ ದಾಸೋಹ, 2013ರಲ್ಲಿ ಬಂದ ಕ್ಷೀರಭಾಗ್ಯ, ಈಗ ಮೊಟ್ಟೆ. ವಾರಕ್ಕೆ ಎರಡು ದಿನ ಸರ್ಕಾರ ಕೊಡುತ್ತಿದ್ದ ಮೊಟ್ಟೆ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಉಳಿದ ನಾಲ್ಕು ದಿನಗಳ ವೆಚ್ಚ ವಹಿಸಿಕೊಂಡದ್ದರಿಂದ ಆರು ದಿನಗಳಿಗೆ ಏರಿತು. ಮೊಟ್ಟೆ ಒಲ್ಲದ ಮಕ್ಕಳಿಗೆ ಬಾಳೆಹಣ್ಣು. ಹುಬ್ಬಳ್ಳಿ ಧಾರವಾಡದ ನಡುವೆ ರಾಯಾಪುರದಲ್ಲಿರುವ ಅಕ್ಷಯ ಪಾತ್ರ ಸಂಸ್ಥೆಯ ಅಡುಗೆಮನೆಯಿಂದ ಅವಳಿನಗರದ ಶಾಲೆಗಳಿಗೆ ದಿನವೂ ಊಟದ ವಾಹನಗಳು ಹೋಗುತ್ತವೆ. ಅಷ್ಟು ದೊಡ್ಡ ಪ್ರಮಾಣದಲ್ಲಿ ಹೊತ್ತಿಗೆ ಸರಿಯಾಗಿ ಊಟ ಮುಟ್ಟಿಸುವುದು ಸಣ್ಣ ಕೆಲಸವಲ್ಲ. ಆದರೂ ನನ್ನ ಒಲವು ಹಳ್ಳಿಯ ಶಾಲೆಯ ಅಡುಗೆಕೋಣೆಯ ಕಡೆಗೇ. ಅಲ್ಲಿ ಸಾಂಬಾರು ಕುದಿಸುವ ಹೆಂಗಸು ಅದೇ ಊರಿನವಳು, ಬಹಳ ಸಲ ಒಬ್ಬ ವಿದ್ಯಾರ್ಥಿಯ ತಾಯಿ. ಯಾವ ಹುಡುಗ ಮನೆಯಲ್ಲಿ ರಾತ್ರಿ ಉಂಡಿಲ್ಲ, ಯಾರ ಅಪ್ಪನಿಗೆ ಮೈ ಹುಷಾರಿಲ್ಲ ಎಂಬುದು ಅವಳಿಗೆ ತಿಳಿದಿರುತ್ತದೆ. ಸಮಿತಿಯ ಸಭೆಗೆ ಅವಳನ್ನೂ ಕರೆದು ಕೂರಿಸಿದರೆ ಯಾವ ಸಮೀಕ್ಷೆಯೂ ತರಲಾರದ ಸುದ್ದಿ ಬರುತ್ತದೆ.

ನಗರದ ಶಾಲೆಗಳ ಸ್ಥಿತಿ ಬೇರೆ. ಹುಬ್ಬಳ್ಳಿಯ ಎಪಿಎಂಸಿಯಲ್ಲಿ ಹಮಾಲಿ ಮಾಡುವವರ, ತಳ್ಳುಗಾಡಿಯವರ, ಮನೆಗೆಲಸದವರ ಮಕ್ಕಳು ಓದುವ ಶಾಲೆಯಲ್ಲಿ ಪೋಷಕರು ಒಂದೇ ಊರಿನವರಲ್ಲ, ಒಂದೇ ಭಾಷೆಯವರೂ ಅಲ್ಲ. 'ಊರ ಹಿರಿಯರು' ಎಂಬ ವ್ಯವಸ್ಥೆಯೇ ಅಲ್ಲಿಲ್ಲ. ಅಲ್ಲಿ ಸ್ವಸಹಾಯ ಸಂಘದ ಮಹಿಳೆಯರೇ ಆ ಜಾಗ ತುಂಬಬಲ್ಲರು, ಏಕೆಂದರೆ ವಾರಕ್ಕೊಮ್ಮೆ ಕೂಡುವ ರೂಢಿ ಅವರಿಗೆ ಈಗಾಗಲೇ ಇದೆ.

ಇದನ್ನೆಲ್ಲ ಹೊಂದಿಸುವವರು ಯಾರು ಎಂಬ ಪ್ರಶ್ನೆಗೆ ಮುಖ್ಯೋಪಾಧ್ಯಾಯರ ಕಡೆ ಕೈ ತೋರಿಸುವುದು ಅನ್ಯಾಯ. ಚುನಾವಣೆ, ಗಣತಿ, ಹಾಲು ಮೊಟ್ಟೆಗಳ ಲೆಕ್ಕ, ದಿನವೂ ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಇವುಗಳ ನಡುವೆ ಅವರಿಗೆ ಪಾಠಕ್ಕೇ ಹೊತ್ತು ಸಾಲುತ್ತಿಲ್ಲ. ಹಳ್ಳಿಯಲ್ಲಿ ಪಂಚಾಯಿತಿಯ ಗ್ರಂಥಪಾಲಕರು, ನಗರದಲ್ಲಿ ಓದುಬರಹ ಬಲ್ಲ ಒಬ್ಬ ತಾಯಿ ಈ ಸರದಿಯ ಪುಸ್ತಕ ಇಟ್ಟುಕೊಳ್ಳಬಹುದು: ಯಾವ ದಿನ ಯಾರು ಬರಬೇಕು, ಬಂದರೋ ಇಲ್ಲವೋ, ಬಾರದಿದ್ದರೆ ಬದಲಿಗೆ ಯಾರು. ಅವರಿಗೆ ತಿಂಗಳಿಗಿಷ್ಟು ಎಂದು ಗೌರವಧನ ಕೊಡಬೇಕು. ಪುಕ್ಕಟೆ ದುಡಿಸಿಕೊಂಡರೆ ದೀಪಾವಳಿಯೊಳಗೆ ಪುಸ್ತಕ ಮುಚ್ಚಿರುತ್ತದೆ. ಜಾತ್ರೆಗೆ ಮನೆಮನೆಯಿಂದ ವಂತಿಗೆ ಎತ್ತಿ ತೇರು ಎಳೆಯುವ ಊರುಗಳಿಗೆ ಅಷ್ಟು ಹಣ ಭಾರವಾಗದು. ಆ ಹಣದ ಲೆಕ್ಕವನ್ನು ಯಾರು ಇಡಬೇಕು, ಯಾರ ಮುಂದೆ ಓದಬೇಕು ಎಂಬುದನ್ನು ಮಾತ್ರ ಜೂನ್ ತಿಂಗಳ ಮೊದಲ ಸಭೆಯಲ್ಲೇ ತೀರ್ಮಾನಿಸಿ ಠರಾವು ಪುಸ್ತಕದಲ್ಲಿ ಬರೆದಿಡಬೇಕು.