ಅಟ್ಟದ ಮೇಲಿನ ಹಳದಿ ಕ್ಯಾಸೆಟ್

ಭಾನುವಾರ ಬಳ್ಳಾರಿಯ ಮನೆಯಲ್ಲಿ ಅಟ್ಟ ಸ್ವಚ್ಛ ಮಾಡುವಾಗ ಹಳೆ ವಿಡಿಯೋ ಗೇಮ್ ಸಿಕ್ಕಿತು. ಜೊತೆಗೊಂದು ಹಳದಿ ಕ್ಯಾಸೆಟ್. ಅಂಚಿನ ತಾಮ್ರದ ಪಟ್ಟಿಗಳು ಕಪ್ಪಾಗಿದ್ದವು. ಕೈಗೆ ಬಂದ ಕೂಡಲೇ ಊದಿದೆ, ಚಿಕ್ಕಂದಿನ ಅಭ್ಯಾಸ. ಬೇಸಿಗೆ ರಜೆ ಪೂರ್ತಿ ನಾನೂ ತಮ್ಮನೂ ಇದಕ್ಕೇ ಅಂಟಿಕೊಂಡಿರುತ್ತಿದ್ದೆವು. ಕರೆಂಟ್ ಹೋದರೆ ಮತ್ತೆ ಮೊದಲನೇ ಲೆವೆಲ್‌ನಿಂದ ಶುರು.

ಟಿವಿಗೆ ಹಚ್ಚಿದೆ. ಬರೀ ಬೂದು ಬಣ್ಣ.

"ಮಾಮ, ಎಮ್ಯುಲೇಟರ್ ಹಾಕ್ಕೊಂಡ್ರೆ ಮೊಬೈಲ್‌ನಾಗೇ ಆಡಬೋದು" ಅಂದ ಅಕ್ಕನ ಮಗ. ಸ್ವಲ್ಪ ತಡೆದು, "ಆದ್ರೆ ಅದು ಕಳ್ಳತನ ಅಲ್ವಾ?" ಅಂತ ಕೇಳಿದ.

ಒಳ್ಳೆ ಪ್ರಶ್ನೆ. ಎಮ್ಯುಲೇಟರ್ ಅಂದರೆ ಹಳೆ ಯಂತ್ರದ ಕೆಲಸವನ್ನು ತಾನು ಮಾಡುವ ಸಾಫ್ಟ್‌ವೇರ್. ಅದನ್ನು ಬರೆಯುವುದೇ ತಪ್ಪು ಅಂತಲ್ಲ. ತನ್ನ ಗೇಮ್ ಯಂತ್ರ ಪ್ಲೇಸ್ಟೇಷನ್‌ಗೆ ಎಮ್ಯುಲೇಟರ್ ಮಾಡಿದ ಕನೆಕ್ಟಿಕ್ಸ್ ಕಂಪನಿ ಮೇಲೆ ಸೋನಿ ಕೇಸು ಹಾಕಿದಾಗ, 2000ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ಕನೆಕ್ಟಿಕ್ಸ್ ಪರವಾಗಿ ನಿಂತಿತು. ತೊಡಕಿರುವುದು ಗೇಮಿನ ಫೈಲಿನಲ್ಲಿ, ಅಂದರೆ ಎಮ್ಯುಲೇಟರ್‌ನಲ್ಲಿ ಆಡಲು ಬೇಕಾದ ಕ್ಯಾಸೆಟ್‌ನ ನಕಲಿನಲ್ಲಿ. ಅದರ ಹಕ್ಕು ಗೇಮ್ ಮಾಡಿದ ಕಂಪನಿಯದು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್, ಅಸಲಿ ಪ್ರತಿ ಇಟ್ಟುಕೊಂಡವರಿಗೆ ಅದು ಹಾಳಾದೀತು ಅಂತ ಬ್ಯಾಕಪ್ ಮಾಡಿಕೊಳ್ಳಲು ಬಿಡುತ್ತದೆ. ಸುಮ್ನೆ ನೆಟ್‌ನಿಂದ ಇಳಿಸಿಕೊಳ್ಳುವುದು ಬೇರೆ ಮಾತು.

ಆದರೂ ಒಂದು ವಿಷಯ ನನ್ನನ್ನು ಕಾಡುತ್ತದೆ. ಅಮೆರಿಕದಲ್ಲಿ ಬಂದ ಹಳೆ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಮಾರಾಟಕ್ಕೇ ಇಲ್ಲ ಅಂತ 2023ರ ಒಂದು ಅಧ್ಯಯನ ಹೇಳಿತು. ದುಡ್ಡು ಕೊಡುತ್ತೇವೆ ಅಂದರೂ ಸಿಗದಿದ್ದರೆ ಏನು ಮಾಡಬೇಕು? ಕಂಪನಿಗಳು ಮಾರಲಿ, ಇಲ್ಲವೇ ಲೈಬ್ರರಿಗಳಿಗಾದರೂ ಕಾಪಾಡಲು ಬಿಡಲಿ.

ಅಕ್ಕನ ಮಗ ಈಗ ರಬ್ಬರ್ ಹಿಡಿದು ಆ ತಾಮ್ರದ ಪಟ್ಟಿಗಳನ್ನು ಉಜ್ಜುತ್ತಾ ಕೂತಿದ್ದಾನೆ.