ಸಿಕ್ಲಿಡ್ ಸಾಕುವ ಮುನ್ನ ಮನೆಯ ನೀರನ್ನು ನೋಡಬೇಕು

ಬೆಂಗಳೂರಿನ ಮನೆಗಳಿಗೆ ಅಕ್ವೇರಿಯಂ ಜೋಡಿಸಿಕೊಡುವುದು, ಜೋಡಿಸಿದ್ದನ್ನು ಆಮೇಲೆಯೂ ನೋಡಿಕೊಳ್ಳುವುದು ನನ್ನ ಕಸುಬು. ಸಿಕ್ಲಿಡ್ ಮೀನು ಬೇಕೆಂದು ಯಾರಾದರೂ ಫೋನ್ ಮಾಡಿದಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: "ಸರ್, ನಿಮ್ಮ ಮನೆಗೆ ಬರೋದು ಕಾವೇರಿ ನೀರಾ, ಬೋರ್ ನೀರಾ, ಟ್ಯಾಂಕರಾ?" ತೊಟ್ಟಿಯ ಅಳತೆ, ಖರ್ಚು, ಮೀನಿನ ಬಣ್ಣ ಇವೆಲ್ಲ ಆಮೇಲಿನ ಮಾತು. ಮನೆಯ ನೀರು ಯಾವ ಮೀನಿಗೆ ಒಗ್ಗುತ್ತದೆಯೋ ಆ ಮೀನನ್ನು ತರಬೇಕೇ ಹೊರತು, ಕಣ್ಣಿಗೆ ಹಿಡಿಸಿದ ಮೀನನ್ನು ತಂದು ಅದಕ್ಕಾಗಿ ನೀರನ್ನು ತಿದ್ದುತ್ತ ಕೂರಬಾರದು ಎಂಬುದು ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಪಾಠ.

ಸಿಕ್ಲಿಡ್ ಎಂದರೆ ಬಹಳ ದೊಡ್ಡದೊಂದು ಮೀನಿನ ಕುಟುಂಬ. ಏಂಜಲ್, ಡಿಸ್ಕಸ್, ಆಸ್ಕರ್ ಇವು ದಕ್ಷಿಣ ಅಮೆರಿಕದ ನದಿಗಳ ಸಿಕ್ಲಿಡ್‌ಗಳು. ಅಂಗಡಿಗಳಲ್ಲಿ 'ಆಫ್ರಿಕನ್' ಎಂದು ಮಾರುವ ಹಳದಿ, ನೀಲಿ ಬಣ್ಣದ ಮೀನುಗಳಲ್ಲಿ ಬಹುಪಾಲು ಮಲಾವಿ ಸರೋವರದವು. ಫ್ಲವರ್‌ಹಾರ್ನ್ ಮನುಷ್ಯ ಮಾಡಿದ ಮಿಶ್ರತಳಿ. ಹೋಟೆಲಿನ ತಟ್ಟೆಗೆ ಬರುವ ಕರಿಮೀನು ಕೂಡ ಸಿಕ್ಲಿಡ್ಡೇ. ನಮ್ಮ ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ನದಿಗಳ ಆಸುಪಾಸಿನಲ್ಲಿ ಅದರದೇ ಹತ್ತಿರದ ಬಂಧುವಾದ 'ಎಟ್ರೊಪ್ಲಸ್ ಕೆನರೆನ್ಸಿಸ್' ಎಂಬ ಮೀನು ಇದೆ; ಅದರ ನೆಲೆ ಬಹಳ ಚಿಕ್ಕದಾದ ಕಾರಣ ಹೊಳೆಯಿಂದ ಹಿಡಿದು ತಂದ ಆ ಮೀನನ್ನು ಯಾರೇ ಕೊಡಬಂದರೂ ನಾನು ಕೊಳ್ಳುವುದಿಲ್ಲ. ಇಷ್ಟು ಬಗೆಯ ಮೀನುಗಳಿಗೆಲ್ಲ ಒಂದೇ ನೀರು ಸರಿಹೊಂದುವುದು ಸಾಧ್ಯವಿಲ್ಲ. ಡಿಸ್ಕಸ್ಸಿಗೆ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ, ಏಳು ಎಂದರೆ ತಟಸ್ಥ) ಏಳಕ್ಕಿಂತ ಕೆಳಗಿರುವ, ಸುಣ್ಣದ ಅಂಶ ಕಡಿಮೆಯಿರುವ ಬೆಚ್ಚನೆಯ ನೀರು ಹಿತವಾದರೆ, ಆಫ್ರಿಕದ ಟಾಂಗನೀಕಾ ಸರೋವರದ ಮೀನು ಹುಟ್ಟಿ ಬೆಳೆಯುವುದು ಪಿಎಚ್ ಒಂಬತ್ತರ ಹತ್ತಿರವಿರುವ, ಖನಿಜ ತುಂಬಿದ ನೀರಿನಲ್ಲಿ.

ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗಳಲ್ಲಿ ಗಡಸುತನ, ಅಂದರೆ ಸುಣ್ಣ, ಮೆಗ್ನೀಸಿಯಂಗಳ ಅಂಶ, ಅಷ್ಟಾಗಿ ಇರುವುದಿಲ್ಲ. ಕ್ಲೋರಿನ್ ತೆಗೆದರೆ ಏಂಜಲ್‌ನಂಥ ಮೀನಿಗೆ ಅದೇ ಸಾಕು. ಬೋರ್ ನೀರಿನ ಬಡಾವಣೆಗಳಲ್ಲಿ ಕಥೆ ಬೇರೆ. ಬಕೆಟ್ಟಿನ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಟ್ಟಿಸುವ ಆ ನೀರನ್ನು ಮನೆಯವರೆಲ್ಲ ಬಯ್ಯುತ್ತಾರೆ, ಮೀನಿಗೆಂದು ಆರ್‌ಒ ನೀರು ತುಂಬಿಸಲು ಹೊರಡುತ್ತಾರೆ. ಆರ್‌ಒ ನೀರಿನಲ್ಲಿ ಖನಿಜ ಬಹುತೇಕ ಉಳಿಯದ ಕಾರಣ ಪಿಎಚ್ ನಿಲ್ಲುವುದಿಲ್ಲ, ಒಂದು ಲೀಟರ್ ಶುದ್ಧ ನೀರಿಗೆ ಅದಕ್ಕಿಂತ ಹೆಚ್ಚು ನೀರು ಚರಂಡಿಗೆ ಹೋಗುವುದೂ ಉಂಟು. ಟಾಂಗನೀಕಾ ಮೀನಿಗಾದರೆ ಅದೇ ಬೋರ್ ನೀರು ವರದಾನ. ಪುಡಿ, ಉಪ್ಪು, ಔಷಧ ಹಾಕಿ ನೀರಿನ ಗುಣವನ್ನು ಬದಲಿಸಬಹುದು, ಇಲ್ಲವೆನ್ನುವುದಿಲ್ಲ. ಆದರೆ ಪ್ರತಿ ವಾರ ನೀರು ಬದಲಿಸುವಾಗಲೂ ಅಷ್ಟೇ ಹದದಲ್ಲಿ ಅದನ್ನು ಮಾಡಬೇಕಾಗುತ್ತದೆ, ಮನೆಯವರು ಊರಿಗೆ ಹೋದಾಗ ಕೆಲಸದವರ ಕೈಯಲ್ಲಿ ಮಾಡಿಸಬೇಕಾಗುತ್ತದೆ. ಮೀನು ಸಾಯುವುದು ಸಾಮಾನ್ಯವಾಗಿ ಆ ಏರುಪೇರಿನಲ್ಲಿ.

ಗಡಸು ನೀರು ಎಂದು ಗ್ರಾಹಕರು ಹೇಳಿದ ಮಾತನ್ನು ಪರೀಕ್ಷೆ ಮಾಡದೆ ನಾನು ಒಪ್ಪುವುದಿಲ್ಲ. ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಯಜಮಾನರು ನೀರಿನಲ್ಲಿ ಕರಗಿರುವ ವಸ್ತುವಿನ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರನ್ನು ಲೋಟಕ್ಕೆ ಅದ್ದಿ, "ನೋಡಿ, ಎಂಟುನೂರು ದಾಟಿದೆ, ಇದಕ್ಕಿಂತ ಗಡಸು ನೀರು ಬೇಕಾ?" ಎಂದರು. ನಾನು ಐದು ಮಿಲಿ ನೀರನ್ನು ಪರೀಕ್ಷಾ ನಳಿಕೆಗೆ ತೆಗೆದುಕೊಂಡು ಗಡಸುತನದ ಕಿಟ್ಟಿನ ಒಂದು ಹನಿ ಹಾಕಿದೆ. ನೀರು ಹಸಿರಾಗಲು ಎಷ್ಟು ಹೆಚ್ಚು ಹನಿ ಬೇಕೋ ಅದು ಅಷ್ಟು ಗಡಸು. ಕಿತ್ತಳೆಯಾಗಬೇಕಿದ್ದ ನೀರು ಮೊದಲ ಹನಿಗೇ ಹಸಿರಾಯಿತು. ಸುಣ್ಣ, ಮೆಗ್ನೀಸಿಯಂ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು ಅದರ ಅರ್ಥ. ಕೆಳಗೆ ಪಂಪ್ ಮನೆಗೆ ಹೋಗಿ ನೋಡಿದರೆ ದೊಡ್ಡ ಸಾಫ್ಟ್‌ನರ್, ಅದರ ಪಕ್ಕದಲ್ಲಿ ಉಪ್ಪಿನ ಮೂಟೆಗಳು. ಸಾಫ್ಟ್‌ನರ್ ಸುಣ್ಣವನ್ನೂ ಮೆಗ್ನೀಸಿಯಮ್ಮನ್ನೂ ಹಿಡಿದುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಕರಗಿರುವ ವಸ್ತುವಿನ ಒಟ್ಟು ಪ್ರಮಾಣ ಹಾಗೆಯೇ ಇರುವುದರಿಂದ ಟಿಡಿಎಸ್ ಮೀಟರಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಗಿಡಕ್ಕೆ ನೀರು ಬಿಡುವ ನಲ್ಲಿಗೆ ಸಾಫ್ಟ್‌ನರಿನ ಸಂಪರ್ಕ ಇರಲಿಲ್ಲ. ಅಲ್ಲಿಂದ ತಂದ ನೀರು ಹದಿನೈದು ಹನಿ ದಾಟಿದ ಮೇಲೆ ಹಸಿರಾಯಿತು. ತೊಟ್ಟಿಗೆ ಇಂದಿಗೂ ಆ ನಲ್ಲಿಯ ನೀರೇ ಹೋಗುತ್ತದೆ.

ಪಿಎಚ್ ನೋಡುವುದಕ್ಕೂ ಒಂದು ಕ್ರಮವಿದೆ. ಆಳದಿಂದ ಮೇಲೆತ್ತಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಕರಗಿರುವುದರಿಂದ, ನಲ್ಲಿಯಿಂದ ಹಿಡಿದ ಕೂಡಲೇ ನೋಡಿದರೆ ಪಿಎಚ್ ಏಳರ ಹತ್ತಿರ ತೋರಿಸಬಹುದು; ಅದೇ ನೀರನ್ನು ಬಕೆಟ್ಟಿನಲ್ಲಿಟ್ಟು ಏರ್ ಪಂಪಿನಿಂದ ಒಂದು ದಿನ ಗಾಳಿಯಾಡಿಸಿದರೆ ಎಂಟರ ಮೇಲಕ್ಕೆ ಏರುತ್ತದೆ. ಮೀನು ಬದುಕುವುದು ಈ ಎರಡನೆಯ ನೀರಿನಲ್ಲಿ. ಆದ್ದರಿಂದ ನಾನು ಬರೆದಿಟ್ಟುಕೊಳ್ಳುವುದು ಮರುದಿನದ ಅಂಕಿಯನ್ನು ಮಾತ್ರ. ವಾರವಾರ ಬದಲಿಸುವ ನೀರನ್ನೂ ಹೀಗೆಯೇ ಒಂದು ದಿನ ಮೊದಲು ಹಿಡಿದಿಡುವಂತೆ ಹೇಳುತ್ತೇನೆ.

ಇನ್ನು ತೊಟ್ಟಿ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರ ಮನೆಯಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗಷ್ಟೇ ಜಾಗವಿರುತ್ತದೆ. ಅದು ಸುಮಾರು 54 ಲೀಟರ್. ಎರಡಂಗುಲದ ಮುದ್ದಾದ ಆಸ್ಕರ್ ಮರಿ ಒಂದಡಿಗೂ ಮೀರಿ ಬೆಳೆಯುವ ಮೀನು. ಅದನ್ನು ಇಷ್ಟು ಚಿಕ್ಕ ತೊಟ್ಟಿಗೆ ಹಾಕುವುದು ಕ್ರೌರ್ಯವೆಂದೇ ನನ್ನ ಅಭಿಪ್ರಾಯ. ಮಲಾವಿಯ ಬಂಡೆವಾಸಿ ಮೀನುಗಳು ಗಾತ್ರದಲ್ಲಿ ಚಿಕ್ಕವಾದರೂ ಜಾಗಕ್ಕಾಗಿ ಹೊಡೆದಾಡುವ ಸ್ವಭಾವದವು, ಅವಕ್ಕೆ ನಾಲ್ಕಡಿಯ ತೊಟ್ಟಿಯಾದರೂ ಬೇಕು. ಎರಡಡಿಯ ತೊಟ್ಟಿಗೂ ಬೋರ್ ನೀರಿಗೂ ಒಟ್ಟಿಗೆ ಹೊಂದುವ ಮೀನೆಂದರೆ ಟಾಂಗನೀಕಾದ ಚಿಪ್ಪುವಾಸಿಗಳು, ಅದರಲ್ಲಿಯೂ 'ನಿಯೊಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯೇಟಸ್'. ವ್ಯಾಪಾರದಲ್ಲಿ ಇದನ್ನು ಚಿಕ್ಕದಾಗಿ ಮಲ್ಟಿ ಎನ್ನುತ್ತೇವೆ. ಗಂಡು ನಾಲ್ಕೂವರೆ ಸೆಂಟಿಮೀಟರ್, ಹೆಣ್ಣು ಅದಕ್ಕಿಂತ ಸಣ್ಣದು. ಸರೋವರದ ತಳದಲ್ಲಿ ರಾಶಿ ಬಿದ್ದಿರುವ ಬಸವನಹುಳುವಿನ ಖಾಲಿ ಚಿಪ್ಪುಗಳೇ ಇವುಗಳ ಮನೆ. ಮೊಟ್ಟೆ ಇಡುವುದು, ಮರಿ ಬೆಳೆಸುವುದು, ಅಪಾಯ ಬಂದರೆ ಅಡಗುವುದು ಎಲ್ಲವೂ ಅದರೊಳಗೆ. ಈ ಮೀನಿಗೆ ನೀರಿನ ಎತ್ತರಕ್ಕಿಂತ ತಳದ ವಿಸ್ತಾರ ಮುಖ್ಯವಾದ್ದರಿಂದ, ಅಷ್ಟೇ ಲೀಟರ್ ಹಿಡಿಯುವ ಉದ್ದನೆಯ ತೊಟ್ಟಿ ಸಿಕ್ಕರೆ ಎತ್ತರದ ತೊಟ್ಟಿಯನ್ನು ಬಿಟ್ಟುಬಿಡಬೇಕು.

ಗಾಜು, ನೀರು, ಮರಳು, ಕಲ್ಲು ಎಲ್ಲ ಸೇರಿ ಈ ತೊಟ್ಟಿ 75 ಕಿಲೋ ಆಸುಪಾಸು ತೂಗುತ್ತದೆ. ಟಿವಿ ಇಡುವ ಪ್ಲೈವುಡ್ ಹಲಗೆಯ ಮೇಲೆ ಇದನ್ನು ಇಡಬಾರದು. ಸ್ಟ್ಯಾಂಡು ಸಮಮಟ್ಟದಲ್ಲಿರುವುದನ್ನು ಮಟ್ಟಗೋಲಿನಿಂದ ನೋಡಿ, ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಳೆ ಹಾಸಿದರೆ ಗಾಜಿನ ಮೇಲೆ ಭಾರ ಒಂದೇ ಕಡೆ ಬೀಳುವುದಿಲ್ಲ.

ಕಲ್ಲು ಮತ್ತು ಮರಳಿನ ವಿಷಯದಲ್ಲಿ ಅವಸರ ಕೂಡದು. ಸಿಕ್ಲಿಡ್‌ಗಳು ಅಗೆಯುತ್ತವೆ. ಮಲ್ಟಿ ತನ್ನ ಗಾತ್ರಕ್ಕೆ ಮೀರಿದ ಕೆಲಸಗಾರ. ಬಾಯ್ತುಂಬ ಮರಳು ತುಂಬಿಕೊಂಡು ಸ್ವಲ್ಪ ದೂರ ಈಜಿ ಅದನ್ನು ಉಗುಳಿ ಮತ್ತೆ ಬರುತ್ತದೆ, ಕೆಲವೇ ದಿನಗಳಲ್ಲಿ ಚಿಪ್ಪಿನ ಸುತ್ತ ಗುಂಡಿ ತೋಡಿ ಬಾಯಿ ಮಾತ್ರ ಮೇಲೆ ಕಾಣುವಂತೆ ಚಿಪ್ಪನ್ನು ಹೂತುಬಿಡುತ್ತದೆ. ಮರಳಿನ ಮೇಲೆ ಕಲ್ಲು ಜೋಡಿಸಿದ್ದರೆ ಕೆಳಗಿನ ಮರಳು ಖಾಲಿಯಾಗಿ ಕಲ್ಲು ಉರುಳುತ್ತದೆ, ಮೀನು ಅಪ್ಪಚ್ಚಿಯಾಗಬಹುದು, ಗಾಜು ಒಡೆಯಬಹುದು. ಹಾಗಾಗಿ ಕಲ್ಲನ್ನು ಮೊದಲು ತಳದ ಗಾಜಿನ ಮೇಲೆ ತೆಳುವಾದ ಥರ್ಮಾಕೋಲಿನ ಚೂರಿಟ್ಟು ಭದ್ರವಾಗಿ ಕೂರಿಸಿ, ಮರಳನ್ನು ಆಮೇಲೆ ಸುತ್ತ ತುಂಬಬೇಕು. ಮರಳಿನ ದಪ್ಪ ಐದು ಸೆಂಟಿಮೀಟರ್ ಇದ್ದರೆ ಸಾಕು. ಈಗ ಬೆಂಗಳೂರಿನ ಕಟ್ಟಡಗಳ ಮುಂದೆ ಸಿಗುವುದೆಲ್ಲ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್. ಅದರ ಕಣಗಳ ಅಂಚು ಚೂಪು, ಮರಳನ್ನು ಬಾಯಲ್ಲಿ ಹೊರುವ ಮೀನಿಗೆ ಅದು ಸಲ್ಲದು. ನುಣುಪಾದ ಸಣ್ಣ ಸಿಲಿಕಾ ಮರಳನ್ನು ನೀರು ತಿಳಿಯಾಗುವ ತನಕ ತೊಳೆದು ಬಳಸುತ್ತೇನೆ. ನಮ್ಮ ಸುತ್ತಲಿನ ಗ್ರಾನೈಟ್ ಕಲ್ಲು ನೀರಿನ ಗುಣವನ್ನು ಬದಲಿಸುವುದಿಲ್ಲ. ಗುರುತು ಸಿಗದ ಕಲ್ಲಿನ ಮೇಲೆ ವಿನೆಗರ್ ಹನಿಸಿ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ ಎಂದು ತಿಳಿಯಬಹುದು. ಡಿಸ್ಕಸ್ ತೊಟ್ಟಿಗೆ ಆ ಕಲ್ಲು ಬೇಡ, ಮಲ್ಟಿಗೆ ಅಡ್ಡಿಯಿಲ್ಲ.

ಚಿಪ್ಪಿಗೆ ದೂರ ಹೋಗಬೇಕಾಗಿಲ್ಲ. ಗದ್ದೆಯ ಬದುವಿನಲ್ಲಿ, ಕೆರೆಯಂಚಿನಲ್ಲಿ ಬಿದ್ದಿರುವ ದೊಡ್ಡ ಬಸವನಹುಳುವಿನ ಖಾಲಿ ಚಿಪ್ಪನ್ನು ಮಲ್ಟಿ ಸಂತೋಷದಿಂದ ಒಪ್ಪಿಕೊಳ್ಳುತ್ತದೆ. ಸುರುಳಿಯ ತುದಿಯಲ್ಲಿ ಒಣಗಿದ ಮಾಂಸ ಉಳಿದಿದ್ದರೆ ಅದು ನೀರಿನಲ್ಲಿ ಕೊಳೆಯುತ್ತದೆ. ಆದ್ದರಿಂದ ಚಿಪ್ಪುಗಳನ್ನು ಕುದಿಸಿ, ಕುಲುಕಿ ತೊಳೆದು, ಒಣಗಿದ ಮೇಲೆ ಮೂಸಿ ನೋಡಿ ವಾಸನೆಯಿಲ್ಲದ್ದನ್ನು ಮಾತ್ರ ಹಾಕಬೇಕು. ಮೀನೊಂದಕ್ಕೆ ಮೂರು ಚಿಪ್ಪಾದರೂ ಇದ್ದರೆ ಜಗಳ ತಗ್ಗುತ್ತದೆ.

ಇಷ್ಟೆಲ್ಲ ಆದ ಮೇಲೂ ಮೀನು ಬರುವುದಿಲ್ಲ ಎಂದಾಗ ಮಕ್ಕಳಿರುವ ಮನೆಯಲ್ಲಿ ಬೇಸರವಾಗುತ್ತದೆ, ನನಗೂ ಸಂಕಟವಾಗುತ್ತದೆ. ಆದರೂ ಇಲ್ಲಿ ನಾನು ಸಡಿಲ ಬಿಡುವುದಿಲ್ಲ. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಫಿಲ್ಟರಿನಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವೆರಡೂ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಟಾಂಗನೀಕಾ ತೊಟ್ಟಿಗಳಲ್ಲಿ ಈ ಕಾಯುವಿಕೆ ಇನ್ನೂ ಮುಖ್ಯ, ಏಕೆಂದರೆ ಪಿಎಚ್ ಏರಿದಷ್ಟೂ ಅಮೋನಿಯದ ವಿಷ ಹೆಚ್ಚುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಪಿಎಚ್ 8ರಲ್ಲಿ ಸುಮಾರು ಐದು ಪಾಲು, 8.5ರಲ್ಲಿ ಹದಿನೈದರ ಹತ್ತಿರ. ಕಾವೇರಿ ನೀರಿನ ತೊಟ್ಟಿಯಲ್ಲಿ ಮೀನು ಹೇಗೋ ತಡೆದುಕೊಳ್ಳುವ ಕೊಳಕು ಇಲ್ಲಿ ಒಂದೇ ರಾತ್ರಿಯಲ್ಲಿ ಅದನ್ನು ಕೊಲ್ಲಬಲ್ಲದು. ನಮ್ಮ ವ್ಯಾಪಾರದಲ್ಲಿ ತೊಟ್ಟಿ, ಮೀನು ಎರಡನ್ನೂ ಒಂದೇ ದಿನ ಮಾರುವ ರೂಢಿ ಇದೆ. ಅದು ನಿಲ್ಲಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ. ನಾನು ಚಾಲ್ತಿಯಲ್ಲಿರುವ ತೊಟ್ಟಿಯೊಂದರ ಹಳೆಯ ಸ್ಪಂಜನ್ನು ಹೊಸ ಫಿಲ್ಟರಿನ ಪಕ್ಕದಲ್ಲಿಟ್ಟು ಬರುತ್ತೇನೆ, ಅದರಿಂದ ಕೆಲಸ ಬೇಗ ಕೂಡಿಬರುತ್ತದೆ. ಬ್ಯಾಕ್ಟೀರಿಯಕ್ಕೆ ಆಹಾರವಾಗಿ ಮೀನಿಲ್ಲದ ತೊಟ್ಟಿಗೆ ಲೀಟರಿಗೆ ಎರಡು ಮಿಲಿಗ್ರಾಂ ಲೆಕ್ಕದಲ್ಲಿ ಹಾಕಿದ ಅಮೋನಿಯ ಇಪ್ಪತ್ನಾಲ್ಕು ಗಂಟೆಯೊಳಗೆ ಪೂರ್ತಿ ಇಲ್ಲವಾಗಿ, ನೈಟ್ರೈಟ್ ಕೂಡ ಸೊನ್ನೆಗೆ ಬಂದಿದೆಯೆಂದು ಕಿಟ್ ತೋರಿಸಿದ ಮೇಲೆಯೇ ಆರೋ ಎಂಟೋ ಎಳೆಯ ಮಲ್ಟಿಗಳ ಗುಂಪು ತೊಟ್ಟಿಗೆ ಇಳಿಯುತ್ತದೆ.

ಫಿಲ್ಟರಿಗೆ ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರೇ ಸಾಕು. ಅದು ಮರಿಗಳನ್ನು ಒಳಗೆಳೆಯುವುದಿಲ್ಲ. ಕರೆಂಟ್ ಹೋದರೆ ಗಾಳಿ ನಿಂತು ಮೀನಿಗೂ ಫಿಲ್ಟರಿನ ಬ್ಯಾಕ್ಟೀರಿಯಕ್ಕೂ ಆಮ್ಲಜನಕ ಸಾಲದೆ ಹೋಗುವುದರಿಂದ, ಬ್ಯಾಟರಿ ಇರುವ ಏರ್ ಪಂಪನ್ನು ಕೊಳ್ಳಲು ಒತ್ತಾಯಿಸುತ್ತೇನೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ತೊಳೆಯಬೇಕು. ಕ್ಲೋರಿನ್ ಇರುವ ನಲ್ಲಿ ನೀರು ತಾಗಿದರೆ ಆರು ವಾರ ಕಾದದ್ದೆಲ್ಲ ವ್ಯರ್ಥ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಬೆಂಗಳೂರಿನ ಮನೆಯೊಳಗೂ ನೀರು ತಣ್ಣಗಾಗುತ್ತದೆ, ಹಾಗಾಗಿ 25 ಡಿಗ್ರಿಗೆ ಹೊಂದಿಸಿದ 50 ವಾಟಿನ ಹೀಟರ್ ಬೇಕು. ಆಹಾರ ಸಣ್ಣ ಕಣದ್ದಾಗಿರಲಿ, ಒಂದೆರಡು ನಿಮಿಷದಲ್ಲಿ ಮುಗಿಯುವಷ್ಟಿರಲಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಉಳಿದದ್ದನ್ನು ಮೀನುಗಳೇ ನೋಡಿಕೊಳ್ಳುತ್ತವೆ.

ನೀರು ಒಗ್ಗಿದ ಮನೆಯಲ್ಲಿ ಮುಂದಿನ ಸಮಸ್ಯೆ ಮರಿಗಳದು. ಮಲ್ಟಿ ತನ್ನ ದೊಡ್ಡ ಮರಿಗಳನ್ನು ಓಡಿಸದೆ ಜೊತೆಯಲ್ಲೇ ಇರಗೊಡುತ್ತದೆ. ಅಣ್ಣ ಅಕ್ಕಂದಿರ ನಡುವೆಯೇ ಮುಂದಿನ ಮರಿಗಳು ಚಿಪ್ಪಿನಿಂದ ಹೊರಬರುತ್ತವೆ, ವರ್ಷ ತಿರುಗುವುದರೊಳಗೆ ಎರಡಡಿಯ ತಳ ತುಂಬುತ್ತದೆ. ಹೆಚ್ಚಾದ ಮೀನನ್ನು ಹತ್ತಿರದ ಕೆರೆಗೆ ಬಿಡುವ ಯೋಚನೆ ಹಲವರಿಗೆ ಬರುತ್ತದೆ, ಅದು ಪುಣ್ಯದ ಕೆಲಸವೆಂದು ನಂಬಿದವರೂ ಇದ್ದಾರೆ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯ ಕೂಡ ಸಿಕ್ಲಿಡ್ಡೇ, ಇಂದು ಅದು ನಮ್ಮ ಕೆರೆಕಟ್ಟೆಗಳಲ್ಲಿ ಊರಿನ ಮೀನುಗಳ ಜಾಗ ಹಿಡಿದು ಕೂತಿದೆ ಎಂಬುದನ್ನು ನಾನು ಅವರಿಗೆ ವಿವರಿಸುತ್ತೇನೆ. ಹೆಚ್ಚಾದ ಮೀನುಗಳನ್ನು ನಾನೇ ವಾಪಸ್ ತೆಗೆದುಕೊಂಡು, ಬೋರ್ ನೀರಿನ ಮತ್ತೊಂದು ಮನೆಯಲ್ಲಿ ಫಿಲ್ಟರ್ ಪಕ್ವವಾಗಿರುವ ತೊಟ್ಟಿಗೆ ಸಾಗಿಸುತ್ತೇನೆ. ಆ ಕೊಡುಕೊಳ್ಳುವಿಕೆಯ ಮಾತನ್ನು ತೊಟ್ಟಿ ಜೋಡಿಸುವ ದಿನವೇ ಮನೆಯವರೊಂದಿಗೆ ಆಡಿ ಮುಗಿಸಿರುತ್ತೇನೆ.